ಸದ್ದಿಲ್ಲದ ಎಂಜಿನ್ ಕೊಟ್ಟವರಿಗೆ

ತೊಲೂ ಪೇಟೆಯಲ್ಲಿ ದೋಣಿ ಎಂಜಿನ್ ಮಾರುವ ದೊನ್ ರೊಹೆಲಿಯೊ ಅವರ ಸನ್ನಿಧಾನಕ್ಕೆ, ಎದುರಿನ ದ್ವೀಪದ ಎದಿಲ್ಮಾ ಬಾರಿಯೋಸ್ ಸಲ್ಲಿಸುವ ವಂದನೆಗಳು.

ಮಾನ್ಯರೇ,

ತಾವೂ, ತಮ್ಮ ಮನೆಯವರೂ, ತಮ್ಮ ಅಂಗಡಿಯ ಗಾಜಿನ ಬಾಗಿಲೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನನ್ನ ಎದೆಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಕ್ಷೇಮ. ಈ ಪತ್ರದ ಒಂದು ಪ್ರತಿಯನ್ನು ದೋಣಿಕಟ್ಟೆಯ ಕಂಬಕ್ಕೂ ಅಂಟಿಸುತ್ತಿರುವುದು ತಮ್ಮ ಕೀರ್ತಿ ನಾಲ್ಕು ಜನರಿಗೆ ತಿಳಿಯಲಿ ಎಂಬ ಒಂದೇ ಆಸೆಯಿಂದ.

ನನ್ನ ಗಂಡ ಎವೆಲಿಯೊನನ್ನು ತಾವು ಮರೆತಿರಲಾರಿರಿ. ನಮ್ಮ ಮರದ ದೋಣಿ ‘ಪೊರ್ಫಿಯಾದಾ’ಗೆ, ಅಂದರೆ ಹಟಮಾರಿಗೆ, ಬದಲಿ ಎಂಜಿನ್ ಹುಡುಕುತ್ತ ಮಳೆಗಾಲವಿಡೀ ತಮ್ಮ ಮೆಟ್ಟಿಲು ಸವೆಸಿದವನು ಅವನೇ. ಹಳೆಯ ಎಂಜಿನ್ನು ತಂತಿ, ಚಿಂದಿಬಟ್ಟೆ ಮತ್ತು ಕಡಲಿಗರನ್ನು ಕಾಯುವ ಕಾರ್ಮೆನ್ ಮಾತೆಯ ಕೃಪೆಯಿಂದ ಓಡುತ್ತಿತ್ತು; ನಡುಗಡಲಲ್ಲಿ ನಿಂತುಬಿಟ್ಟ ಮೇಲೆ ಕೃಪೆಗೂ ಒಂದು ಮಿತಿಯಿದೆ ಎಂದುಕೊಂಡೆವು. ಮೊದಲ ಸಲ ಅದರ ಬಿಡಿಭಾಗ ಕೇಳಲು ಬಂದವನಿಗೆ ತಾವು, “ಅಯ್ಯೋ ಮಾರಾಯ, ಅದು ಭೂಮಿ ಮೇಲೆಲ್ಲೂ ಸಿಗಲ್ಲ, ಸುಮ್ನೆ ಗುಜರಿಗೆ ಹಾಕು” ಎಂದು ತಂದೆಯಂತೆ ಬುದ್ಧಿ ಹೇಳಿದಿರಿ.

ದೋಣಿ ಕಟ್ಟಿದವರು ನನ್ನ ಮಾವ. ಎಂಜಿನ್ ತೂಗುಹಾಕುವ ಅದರ ಹಿಂಬದಿಯ ಹಲಗೆ ಅವರ ಹಾಗೆಯೇ ಎತ್ತರ. ಹೀಗಾಗಿ ಎವೆಲಿಯೊ ಯಾರಿಂದಲೋ ತಂದ ಮೊದಲ ಎಂಜಿನ್ನಿನ ಕಾಲು ನೀರಿಗೆ ಎಟುಕದೆ, ಅದರ ರೆಕ್ಕೆ ಸುಮ್ಮನೆ ಗಿರಗಿರ ತಿರುಗಿ ಎಲ್ಲರಿಗೂ ಗಾಳಿ ಬೀಸಿತು. ಎರಡನೆಯದು ಎಷ್ಟು ಭಾರವೆಂದರೆ ದೋಣಿ ಮೂಗೆತ್ತಿ ನಿಂತಿತು; ಹಿಂದೆ ಕೂತಿದ್ದ ನನ್ನ ನಾದಿನಿ ಸೊಂಟದವರೆಗೆ ನೀರಿನಲ್ಲಿ ಮುಳುಗಿ, “ಅಣ್ಣಾ, ಇದು ದೋಣಿನೋ ಬಚ್ಚಲೋ?” ಎಂದು ಕೇಳಿದಳು. ಆಮೇಲೆ ತಾವೇ ಖುದ್ದಾಗಿ ದಯಮಾಡಿಸಿ, ಉದ್ದ ಕಾಲಿನ ಹೊಚ್ಚ ಹೊಸ ಎಂಜಿನ್ ಕೂರಿಸಿ, ಹಳೆಯದನ್ನು ಗುಜರಿ ಎಂದು ಎತ್ತಿಕೊಂಡು ಹೋದಿರಿ. ಹೋಗುವಾಗ “ಅಮ್ಮಾ, ಇನ್ಮೇಲೆ ದೋಣಿ ಬಂದದ್ದು ಪಕ್ಕದಲ್ಲಿ ಕೂತ ಪೆಲಿಕನ್ ಹಕ್ಕಿಗೂ ಗೊತ್ತಾಗಲ್ಲ” ಎಂದಿರಿ. ಕೊಟ್ಟ ಮಾತನ್ನು ಇಷ್ಟು ಅಕ್ಷರಶಃ ಉಳಿಸಿಕೊಂಡ ವ್ಯಾಪಾರಿಯನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ.

ತಾವು ಪೇಟೆಯವರು, ಹಾಗಾಗಿ ತಮಗೆ ತಿಳಿದಿರಲಿಕ್ಕಿಲ್ಲ. ನಮ್ಮ ದಡದಲ್ಲಿ ಯಾವ ಹೆಂಗಸೂ ಗಡಿಯಾರ ನೋಡಿ ಅಡುಗೆಗಿಡುವುದಿಲ್ಲ. ಬಂಡೆಯ ತಿರುವಿನಲ್ಲಿ ಅವರವರ ದೋಣಿಯ ಸದ್ದು ಕಿವಿಗೆ ಬಿದ್ದರೆ ಅವರವರು ಒಲೆ ಹಚ್ಚುತ್ತಾರೆ. ನಮ್ಮದು ಎರಡು ಸಲ ಕೆಮ್ಮಿ, ಒಮ್ಮೆ ಗುಡುಗಿ, ಮತ್ತೆ ಕೆಮ್ಮುತ್ತಿತ್ತು. ಎವೆಲಿಯೊ ಹಗ್ಗ ಕಟ್ಟಿ, ಮೀನು ಮಾರಿ, ಹರಟೆ ಮುಗಿಸಿ ಬರುವಷ್ಟರಲ್ಲಿ ತೆಂಗಿನಹಾಲಿನ ಅನ್ನ ಅರಳಿರುತ್ತಿತ್ತು. ಆ ಕೆಮ್ಮು ಕೇಳಿದರೆ ಗಂಡ ಬದುಕಿದ್ದಾನೆ ಎಂದರ್ಥ.

ಕಳೆದ ವಾರ ಬಿರುಗಾಳಿ ಎದ್ದಾಗ ನಾವೆಲ್ಲ ದಡದಲ್ಲಿ ನಿಂತಿದ್ದೆವು. ಒಂದೊಂದೇ ಸದ್ದು ಬಂತು, ಒಬ್ಬೊಬ್ಬಳೇ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಹೋದಳು. ಪಕ್ಕದ ಮನೆಯ ದಿಯೊಸೆಲಿನಾ, “ನಿಮ್ಮೋರ ಸದ್ದೇ ಇಲ್ವಲ್ಲೇ ಎದಿಲ್ಮಾ” ಎಂದವಳು ಒಳಗೆ ಹೋಗದೆ ನನ್ನ ಕೈ ಹಿಡಿದುಕೊಂಡಳು. ಮಾನ್ಯರೇ, ಆ ಕೈ ಹಿಡಿದದ್ದಿದೆಯಲ್ಲ, ಅದಕ್ಕೆ ನಾನು ಹೆದರಿದಷ್ಟು ಗಾಳಿಗೂ ಹೆದರಲಿಲ್ಲ. ಕಾರ್ಮೆನ್ ಮಾತೆಗೆ ಮೇಣದ ಬತ್ತಿಗಳನ್ನೂ, ನನ್ನ ಜಡೆಯನ್ನೂ, ದಿಯೊಸೆಲಿನಾಳ ಹಂದಿಯನ್ನೂ ಹರಕೆ ಹೊತ್ತೆ. ಅಷ್ಟರಲ್ಲಿ ಬೆನ್ನ ಹಿಂದಿನಿಂದ, “ಏನೇ, ಒಲೇನೇ ಹಚ್ಚಿಲ್ವಾ? ಹಸಿವಿನಿಂದ ಪ್ರಾಣ ಹೋಗ್ತಿದೆ” ಎಂಬ ಮಾತು ಕೇಳಿಸಿತು. ಪುಣ್ಯಾತ್ಮ ಯಾವಾಗಲೋ ಬಂದು, ದೋಣಿ ಕಟ್ಟಿ, ಮನೆಗೆ ಹೋಗಿ ಅಂಗಿಯನ್ನೂ ಬದಲಾಯಿಸಿದ್ದ. ಕೈಲಿದ್ದ ಸೌಟಿನಿಂದ ಅವನಿಗೆ ಎರಡು ಬಾರಿಸಿ, ಆಮೇಲೆ ಊರೆಲ್ಲ ನೋಡುವ ಹಾಗೆ ತಬ್ಬಿಕೊಂಡು ಅತ್ತೆ.

ಅಂದಿನಿಂದ ಅವನು ಬಂಡೆಯ ತಿರುವಿಗೆ ಬಂದೊಡನೆ ಎಣ್ಣೆಯ ಡಬ್ಬ ಬಡಿಯುತ್ತಾನೆ. ಐಸ್ ಮಾರುವವನೆಂದು ಊರ ಮಕ್ಕಳೆಲ್ಲ ಓಡಿ ಬಂದು, ಇವನ ಮುಖ ನೋಡಿ ಬೈದು ಹೋಗುತ್ತಾರೆ.

ಆದಕಾರಣ ತಮ್ಮಲ್ಲಿ ವಿನಂತಿ ಏನೆಂದರೆ, ಈ ಎಂಜಿನ್ನಿಗೆ ಹೊಂದುವ ಒಳ್ಳೆಯ ಕೆಮ್ಮು ತಮ್ಮ ದಾಸ್ತಾನಿನಲ್ಲಿದ್ದರೆ ದಯವಿಟ್ಟು ಕಳಿಸಿಕೊಡಿ. ಇಲ್ಲವಾದರೆ ಗಂಟಲು ಗಟ್ಟಿಯಿರುವ ನೌಕರನೊಬ್ಬನನ್ನು ನಮ್ಮ ದೋಣಿಯ ಮೂತಿಯಲ್ಲಿ ಕೂರಿಸಿ. ಅದೂ ಆಗದಿದ್ದರೆ ತಾವೇ ಬಂದು ದಿನಾ ಸಂಜೆ ನಮ್ಮ ಬಂಡೆಯ ತಿರುವಿನಲ್ಲಿ ಎರಡು ಸಲ ಕೆಮ್ಮಿ, ಒಮ್ಮೆ ಗುಡುಗಿ, ಮತ್ತೆ ಕೆಮ್ಮಿ ಹೋಗತಕ್ಕದ್ದು.

ತಮ್ಮ ಮೌನ ಎಂಜಿನ್ನಿನ ಮುಂದೆ ಮಾತು ಸೋತ,
ತಮ್ಮ ವಿಶ್ವಾಸಿ,
ಎದಿಲ್ಮಾ ಬಾರಿಯೋಸ್

ಮರೆತ ಮಾತು: ತಾವು ಗುಜರಿಗೆ ಹಾಕಿದ ನಮ್ಮ ಹಳೆಯ ಎಂಜಿನ್ನು ಈಗ ತಮ್ಮ ಸೋದರಳಿಯನ ದೋಣಿಯಲ್ಲಿ ಆರೋಗ್ಯವಾಗಿದೆ. ಭೂಮಿಯ ಮೇಲೆಲ್ಲೂ ಸಿಗದ ಬಿಡಿಭಾಗ ತಮ್ಮ ಕಪಾಟಿನಲ್ಲೇ ಸಿಕ್ಕಿದ್ದಕ್ಕೆ ಅಭಿನಂದನೆಗಳು. ದಿನಾ ಸಂಜೆ ಅದು ನಮ್ಮ ದಡದ ಮುಂದೆ ಕೆಮ್ಮುತ್ತ ಹಾದುಹೋಗುತ್ತದೆ. ಎವೆಲಿಯೊ ಎದುರಿಗೇ ಕೂತಿದ್ದರೂ ನಾನು ಎದ್ದು ಒಲೆ ಹಚ್ಚುತ್ತೇನೆ. ಅಡುಗೆ ಹೇಗೂ ಆಗಿರುತ್ತದೆ, ಹುಡುಗನನ್ನು ಒಂದು ದಿನ ಊಟಕ್ಕೆ ಕಳಿಸಿ. ಅವನು ಉಂಡು ಕೈ ತೊಳೆಯುವಷ್ಟರಲ್ಲಿ ಎವೆಲಿಯೊ ಎರಡೂ ಎಂಜಿನ್ ಬಿಚ್ಚಿ ಅದಲುಬದಲು ಮಾಡಿ ಮುಗಿಸಿರುತ್ತಾನೆ, ಸದ್ದಿಲ್ಲದೆ.