ಮೂವತ್ತೆರಡು ಸಲ ಅಗಿದ ಮುದ್ದೆ

ರಾಗಿ ಮುದ್ದೆಯ ಒಂದು ಚೂರು ನನ್ನ ಎಡ ದವಡೆಯ ಕೊನೆಯ ಹಲ್ಲಿಗೆ ಅಂಟಿಕೊಂಡುಬಿಟ್ಟಿತ್ತು. ನಾಲಿಗೆಯಿಂದ ಎಷ್ಟು ತಳ್ಳಿದರೂ ಕದಲಲಿಲ್ಲ. ಎದುರಿಗೆ ಕುಳಿತ ಅಜ್ಜಿ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅವರ ಮೊಮ್ಮಗಳು, ನನ್ನ ವಿದ್ಯಾರ್ಥಿನಿ ಮುನಿರತ್ನ, ಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ಮತ್ತೆ ಶಾಲೆಗೆ ಬರುವುದು ನನ್ನ ತಟ್ಟೆ ಖಾಲಿಯಾಗುವುದರ ಮೇಲೆ ನಿಂತಿತ್ತು.

ನಾನು ಹಲಸೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಆಹಾರದ ಪಾಠ ಮಾಡುತ್ತೇನೆ. ಯುದ್ಧ ಬಂದು ಅಕ್ಕಿಗೆ ರೇಷನ್ ಆದ ಮೇಲೆ, ಏನು ತಿನ್ನಬೇಕು, ಹೇಗೆ ತಿನ್ನಬೇಕು ಎಂದು ಮಕ್ಕಳಿಗೆ ಹೇಳಿಕೊಡಲು ಒಬ್ಬ ಪದವೀಧರೆ ಬೇಕೆಂದು ಮೇಲಿನವರಿಗೆ ತೋಚಿತು. ಒಲೆ ಹಚ್ಚಲು ಬಾರದ ಮಗಳಿಗೆ ಇಂಥ ಕೆಲಸ ಸಿಕ್ಕಿತೆಂಬುದನ್ನು ಅಮ್ಮ ನೆರೆಮನೆಯವರಿಂದ ಬಹಳ ದಿನ ಮುಚ್ಚಿಟ್ಟಿದ್ದರು. ರಾಗಿಯ ಗುಣಗಳನ್ನು ನಾನು ಮನಸ್ಸಿಟ್ಟೇ ಪಾಠ ಮಾಡಿದೆ, ಅದರಲ್ಲಿ ತಪ್ಪಿರಲಿಲ್ಲ. ಆದರೆ ನಮ್ಮದು ಅನ್ನದ ಮನೆ. ಮುದ್ದೆಯನ್ನು ನಾನು ನೋಡಿದ್ದೆನೇ ಹೊರತು ತಿಂದಿರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಪಾಠದ ಕೊನೆಗೆ, ಕಾಲೇಜಿನಲ್ಲಿ ಕಲಿತಂತೆ, ಯಾವ ತುತ್ತನ್ನೇ ಆಗಲಿ ಮೂವತ್ತೆರಡು ಸಲ ಅಗಿಯಬೇಕು ಎಂದುಬಿಟ್ಟೆ.

“ಮುದ್ದೇನೂನಾ ಮಿಸ್?” ಎಂದಳು ಮುನಿರತ್ನ. ತರಗತಿ ಕಿಸಕ್ಕೆಂದಿತು.

ಅಷ್ಟು ದೃಢವಾಗಿ ನಾನು “ಹೌದು” ಎಂದದ್ದು ಜೀವನದಲ್ಲಿ ಕಡಿಮೆ.

ಉಳಿದವರು ಆ ಮಾತನ್ನು ಶಾಲೆಯಲ್ಲೇ ಬಿಟ್ಟು ಹೋದರು. ಮುನಿರತ್ನ ಮಾತ್ರ ಮನೆಗೆ ಒಯ್ದಳು. ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಬೇಕು, ಹಲ್ಲಿಗೆ ತಾಗಿಸಬಾರದು ಎಂಬುದು ಆ ಮನೆಯ ಚಿಕ್ಕ ಮಗುವಿಗೂ ಗೊತ್ತು. ಕೆಲವು ದಿನಗಳಲ್ಲೇ ಅವಳು ಶಾಲೆಗೆ ಬರುವುದು ನಿಂತಿತು. ಕೆರೆಯಾಚೆ, ಸೊಪ್ಪಿನ ತೋಟದ ಪಕ್ಕದ ಅವರ ಮನೆಗೆ ಹುಡುಕಿಕೊಂಡು ಹೋದೆ.

“ಬನ್ನಿ ಟೀಚರಮ್ಮ,” ಎಂದರು ಅಜ್ಜಿ. “ನಿಮ್ಮ ದಯದಿಂದ ನಮ್ಮನೇಲಿ ಈಗ ಎರಡು ಎಮ್ಮೆ. ಒಂದು ಕೊಟ್ಟಿಗೇಲಿ ಮೆಲುಕು ಹಾಕ್ತದೆ, ಇನ್ನೊಂದು ತಟ್ಟೆ ಮುಂದೆ. ಇವಳು ಅಗೀತಾ ಕೂತ್ರೆ ಮಾರ್ಕೆಟ್ಟಿಗೆ ಸೊಪ್ಪು ಕಟ್ಟೋರು ಯಾರು? ಸಾಲದ್ದಕ್ಕೆ ಅವರಪ್ಪನಿಗೇ ‘ನುಂಗ್ಬೇಡ, ಅಗಿ’ ಅಂತ ಬುದ್ಧಿ ಹೇಳ್ತಾಳೆ! ಅದಕ್ಕೇ ಸ್ಕೂಲು ಬಿಡಿಸ್ದೆ.”

“ಅಗಿದರೆ ಬೇಗ ಜೀರ್ಣವಾಗುತ್ತೆ ಅಂತ...”

“ಹಂಗಾ? ಕೂತ್ಕೊಳ್ಳಿ. ನೀವೇ ಒಂದು ಮುದ್ದೆ ಅಗಿದು ತೋರ್ಸಿ. ನಾಳೆಯಿಂದ್ಲೇ ಕಳಿಸ್ತೀನಿ.”

ಮುದ್ದೆ ಬಿಸಿಯಾಗಿತ್ತು. ನಾನು ಅಗಿದೆ. ಅದು ಅಂಗುಳಿಗೆ ಮೆತ್ತಿತು, ಹಲ್ಲಿಗೆ ಅಂಟಿತು. ಅಗಿದಷ್ಟೂ ಬೆಳೆಯುತ್ತ ಹೋಯಿತು. ಕಣ್ಣಲ್ಲಿ ನೀರು ಬಂತು. ಆಗ ಬಾಗಿಲಿನಿಂದ ಮುನಿರತ್ನ ಪಿಸುಗುಟ್ಟಿದಳು: “ನುಂಗ್ಬಿಡಿ ಮಿಸ್.”

ನುಂಗಿದೆ. ಅದು ಗಂಟಲಲ್ಲೇ ನಿಂತಿತು. ಅಜ್ಜಿ ಎದ್ದು ಬಂದು ಬೆನ್ನು ಗುದ್ದಿದರು, ನೀರು ಕುಡಿಸಿದರು. ನಗಲಿಲ್ಲ, ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

“ಪಾಪ, ಬಿಡಿ. ಇವಳು ಸೊಪ್ಪು ಕಟ್ಕೊಂಡಿರ್ಲಿ,” ಎಂದರು.

ಮುನಿರತ್ನ ನನ್ನ ಮುಖ ನೋಡಲಿಲ್ಲ. ಇಡೀ ಮನೆಯ ಎದುರು ನನ್ನ ಮಾತನ್ನು ನಂಬಿ ಹಟ ಹಿಡಿದು ಅಗಿದವಳು ಅವಳೊಬ್ಬಳೇ. ಸೊಪ್ಪು ಕಟ್ಟಲು ತೋಟದ ಕಡೆ ಹೋದಳು.

ಮರುದಿನ ಬೆಳಿಗ್ಗೆ ಹಾಜರಿ ಕರೆಯುವಾಗ ಅವಳ ಹೆಸರು ಹೇಳಿ ಸ್ವಲ್ಪ ಹೊತ್ತು ಕಾದೆ. ಆಮೇಲೆ ಎದ್ದು ನಿಂತು, ಮುದ್ದೆಯನ್ನು ಅಗಿಯಬೇಡಿ, ನುಂಗಿ ಎಂದು ನನ್ನ ಪಾಠವನ್ನು ತಿದ್ದಿದೆ.

“ಅದು ನಮ್ಗೆ ಗೊತ್ತು ಮಿಸ್,” ಎಂದರು ಮಕ್ಕಳು, ಎಲ್ಲರೂ ಒಟ್ಟಿಗೆ.