ಕುಡಿಯದವನ ತಪ್ಪೊಪ್ಪಿಗೆ

ಐಡಿ ಕಾರ್ಡು ನಿನ್ನೆಯ ಅಂಗಿಯ ಜೇಬಿನಲ್ಲೇ ಉಳಿದಿತ್ತು. ಅಂಗಿ ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಆಫೀಸಿಗೆ ಹೊಸಬನಾದ ಪರಿಶೀಲಕನಿಗೆ ಇದು ನೆನಪಾದದ್ದು ಊರಾಚೆಯ ಕೇಂದ್ರದ ಮುಂದೆ ಸ್ಕೂಟರ್ ನಿಲ್ಲಿಸಿದ ಮೇಲೆ.

ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರನ್ನು ತಿದ್ದುವ ಕೇಂದ್ರ ಅದು. ಅಲ್ಲಿ ಸೇರಿದವರಲ್ಲಿ ಒಬ್ಬರೂ ಮತ್ತೆ ಆ ತಪ್ಪು ಮಾಡಿಲ್ಲವಂತೆ. ಮೇಲಧಿಕಾರಿಗೆ ನಂಬಿಕೆ ಬಂದಿರಲಿಲ್ಲ. ಹೇಳದೆ ಕೇಳದೆ ಹೋಗಿ ನೋಡಿ ವರದಿ ಕೊಟ್ಟರೆ ನೌಕರಿ ಕಾಯಂ ಎಂದಿದ್ದರು. ಹಿಂದೆ ಹೋದವರೆಲ್ಲ ವರದಿಯನ್ನೂ ಕೊಡದೆ ಕೆಲಸವನ್ನೂ ಕಳೆದುಕೊಂಡಿದ್ದರು. ಯಾಕೆಂದು ಯಾರೂ ಬಾಯಿ ಬಿಟ್ಟಿರಲಿಲ್ಲ.

ಒಳಗೆ ಗುಂಡಗೆ ಹಾಕಿದ ಕುರ್ಚಿಗಳಲ್ಲಿ ತಲೆ ತಗ್ಗಿಸಿ ಕೂತ ಕೆಲವರು. ಒಂದು ಕುರ್ಚಿ ಖಾಲಿ. ಹೋಗಿ ಕೂತ. ಅವನು ಮಾಡಿದ ತಪ್ಪು ಅಷ್ಟೇ.

"ಯಾವಾಗಿಂದ ಕುಡೀತಿದೀರಿ?" ಎಂದರು ಕೇಂದ್ರ ನಡೆಸುವ ಮೇಡಂ, ಗಾಯಕ್ಕೆ ಹತ್ತಿ ಒತ್ತುವಂಥ ದನಿಯಲ್ಲಿ.

"ನಾನು ಕುಡಿಯಲ್ಲ ಮೇಡಂ. ಆಫೀಸಿಂದ ಚೆಕ್ಕಿಂಗಿಗೆ ಬಂದಿದೀನಿ."

ಮೊದಲ ದಿನ ಎಲ್ಲರೂ ಹಾಗೇ ಹೇಳುತ್ತಾರಂತೆ. ಕಾರ್ಡೆಲ್ಲಿ ಎಂದರು. ಬಕೆಟ್ಟಿನಲ್ಲಿದೆ ಎಂದ. ಸತ್ಯವೇ ಆದರೂ ಅದು ಕುಡುಕನ ಮಾತಿನ ಹಾಗೇ ಕೇಳಿಸಿತು. ಮೇಲಧಿಕಾರಿಗೆ ಫೋನ್ ಮಾಡಿಸೋಣವೆಂದರೆ, ಕಾರ್ಡು ಮರೆತವನಿಗೆ ಕಾಯಂ ಎಲ್ಲಿಂದ ಬರಬೇಕು?

ಕಿಟಕಿಯಾಚೆ ಸ್ಕೂಟರ್ ಕಂಡದ್ದೇ ಮೇಡಂ ಸಿಡಿಮಿಡಿಗೊಂಡರು. ಲೈಸೆನ್ಸ್ ಕಿತ್ತುಕೊಂಡರೂ ಓಡಿಸಿಕೊಂಡೇ ಬಂದಿದ್ದಾನೆ ಎಂದು ಕೀ ಇಸಿದುಕೊಂಡು, ಈಗಲೂ ಕುಡಿದಿದ್ದಾನೋ ನೋಡಲು ನೆಲದ ಗೆರೆಯ ಮೇಲೆ ನಡೆಸಿದರು. ಹೆದರಿದ ಕಾಲುಗಳು ಆಗತಾನೆ ಹುಟ್ಟಿದ ಕರುವಿನವುಗಳಂತೆ ಒಂದೊಂದು ದಿಕ್ಕು ಹಿಡಿದವು.

"ಒಪ್ಕೊಂಡ್ಬಿಡಿ ಸ್ವಾಮಿ," ಪಕ್ಕದ ಗಡ್ಡದ ಮಹಾಶಯರು ಪಿಸುಗುಟ್ಟಿದರು. "ಒಪ್ಪಿದೋರಿಗೇ ಕೀ ವಾಪಸ್."

ಎದ್ದು ನಿಂತು ಒಪ್ಪಿಕೊಂಡ. ಸುಳ್ಳಿಗಿಳಿದ ಮೇಲೆ ಜಿಪುಣತನವೇಕೆ ಎಂದು, ಮಾವನ ಕಾರನ್ನು ಕ್ಷೌರದಂಗಡಿಗೆ ನುಗ್ಗಿಸಿದ್ದನ್ನೂ, ಅರ್ಧ ಬೋಳಾದ ಗಿರಾಕಿ ಬೀದಿಯುದ್ದಕ್ಕೂ ಓಡಿದ್ದನ್ನೂ ವರ್ಣಿಸಿದ. ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ ಅವನ ಮಾತನ್ನು ಯಾರೂ ಕೊನೆತನಕ ಕೇಳಿದವರಿರಲಿಲ್ಲ. ಇಲ್ಲಿ ಇಡೀ ಕೋಣೆ ಮೌನವಾಗಿ ಕೇಳುತ್ತಿತ್ತು. ಅವನಿಗೇ ಕಣ್ಣು ತುಂಬಿಬಂತು.

ಮೇಡಂ ಮೂಗೊರೆಸಿಕೊಂಡು ಫೋನ್ ಎತ್ತಿದರು. ಅವನ ಆಫೀಸಿನ ನಂಬರು ಅದರಲ್ಲಿ ಮೊದಲೇ ಇತ್ತು.

"ಸಾರ್, ನಿಮ್ಮವರು ಇನ್ನೊಬ್ರು ಧೈರ್ಯವಾಗಿ ಒಪ್ಕೊಂಡ್ರು."

ಮೇಲಧಿಕಾರಿಯ ದನಿ ಕೋಣೆಗೆಲ್ಲ ಕೇಳಿಸಿತು. "ಇವನೂ ಕುಡುಕನೇನಾ? ನಾಳೆಯಿಂದ ಆಫೀಸಿಗೆ ಬರೋದು ಬೇಡ ಅನ್ನಿ. ಅಲ್ಲಿಗೆ ಇನ್ನು ಬೇರೆ ಯಾರನ್ನಾದ್ರೂ ಕಳಿಸ್ಬೇಕು."

ಪರಿಶೀಲಕ ಕುಸಿದು ಕೂತ. ತಾನು ನಿಜಕ್ಕೂ ಚೆಕ್ಕಿಂಗಿಗೆ ಬಂದವನೆಂದು ಗಡ್ಡದವರಿಗಾದರೂ ಹೇಳಿಕೊಂಡ.

"ಗೊತ್ತು," ಎಂದರು ಅವರು. "ನಾನೂ ಅದಕ್ಕೇ ಬಂದಿದ್ದೆ. ಇವರೆಲ್ಲಾ ಅದಕ್ಕೇ ಬಂದೋರು."

"ಮತ್ತೆ ಕುಡಿದು ಓಡಿಸಿದೋರು?"

"ಲೈಸೆನ್ಸ್ ಕಿತ್ಕೊಂಡು, ಬಸ್ಸೇ ಇಲ್ಲದ ಜಾಗಕ್ಕೆ ಬನ್ನಿ ಅಂದ್ರೆ ಯಾರು ಬರ್ತಾರೆ?"

"ಹಾಗಾದ್ರೆ ಒಪ್ಕೊ ಅಂತ ಯಾಕಂದ್ರಿ?"

"ನನಗೂ ಹಾಗೇ ಅಂದಿದ್ರು."

"ಕೀ?"

"ಕೋರ್ಸ್ ಮುಗೀಲಿ."

ಸೇರಿದವರಲ್ಲಿ ಒಬ್ಬರೂ ಮತ್ತೆ ಯಾಕೆ ಕುಡಿದು ಓಡಿಸಿಲ್ಲ ಎಂಬುದು ಅವನಿಗೆ ಈಗ ಪೂರಾ ತಿಳಿದಿತ್ತು. ಹೇಳಲು ಆಫೀಸು ಮಾತ್ರ ಇರಲಿಲ್ಲ.

ಎದ್ದು, ಮೂಲೆಯಲ್ಲಿದ್ದ ಒಂದು ಕುರ್ಚಿಯನ್ನು ತಂದು ತನ್ನ ಪಕ್ಕ ಹಾಕಿ, ಕರ್ಚೀಫಿನಿಂದ ಧೂಳು ಒರೆಸಿಟ್ಟ.