ಮಗಳ ಪೊಲೀಸ್ ಅರ್ಜಿ, ನನ್ನ ಬಾಯಿ

“ಹುಡುಗಿ ಪೊಲೀಸ್ ಅರ್ಜಿ ಹಾಕ್ಲಿ. ನೀವು ನಡುವ ಬಾಯಿ ಹಾಕಬ್ಯಾಡ್ರಿ.”

ನನ್ನ ಹೆಂಡತಿ ನನಗೆ ಹೇಳಿದ ಕಡೇ ಮಾತು ಇದು. ಆಸ್ಪತ್ರೆಯಲ್ಲಿ ಹೇಳಿದಳು. ನಾನು ಆತು ಅಂದೆ. ಬಾಟಲಿಗೆ ನೀರು ತುಂಬಿಸಿಕೊಂಡು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಬೇರೆಯವರ ಹೆಂಡರು ಕಡೆಗೆ ದೇವರ ಹೆಸರು ಹೇಳುತ್ತಾರಂತೆ. ನನ್ನವಳು ನನಗೆ ತಾಕೀತು ಮಾಡಿ ಹೋದಳು. ಅವಳದು ತಪ್ಪಲ್ಲ. ನಾನು ಬಾಯಿ ಬಿಡುವುದು ಕಡಿಮೆ. ಬಿಟ್ಟೆನೆಂದರೆ ಏನಾದರೊಂದು ಆಗಿಯೇ ಆಗುತ್ತದೆ. ಆ ವರ್ಷವಂತೂ ಒಂದರ ಬೆನ್ನಿಗೆ ಒಂದು ಆದವು.

ನಾವು ಸೇಡಂ ಕಡೆಯವರು. ಗೌಂಡಿ ಕೆಲಸಕ್ಕೆ ಹೈದರಾಬಾದಿಗೆ ಬಂದವರು. ಆಗ ಮಣಿಕೊಂಡದಲ್ಲಿ ಸಾಫ್ಟ್‌ವೇರಿನವರಿಗಾಗಿ ನೋಡಿದಲ್ಲೆಲ್ಲ ಬಿಲ್ಡಿಂಗ್ ಏಳುತ್ತಿದ್ದವು. ಕೈ ಮುರಿದ ಮೇಲೆ ನಾನು ಅಂಥದೊಂದು ಬಿಲ್ಡಿಂಗಿಗೆ ವಾಚ್‌ಮನ್ ಆದೆ. ಪಕ್ಕದಲ್ಲೇ ಕೂಲಿಯವರ ತಗಡಿನ ಶೆಡ್ಡುಗಳ ಸಾಲು, ಅದರಲ್ಲಿ ಮೂರನೇದು ನಮ್ಮದು. ಮಗಳು ಇಲ್ಲೇ ಹುಟ್ಟಿ, ಇಲ್ಲೇ ಓದಿ, ಇಂಟರ್ ಪಾಸಾಗಿದ್ದಳು.

ಫೋಟೋ

ಅರ್ಜಿಗೆ ಫೋಟೋ ಬೇಕು ಅಂದಳು ಮಗಳು. ನಮ್ಮ ಸಾಲಿನಲ್ಲಿ ಒಬ್ಬ ಅಕ್ಕ ಇದ್ದಾಳೆ, ಬಂಡಿಯಲ್ಲಿ ಉಳ್ಳಾಗಡ್ಡಿ ಮಾರುತ್ತಾಳೆ. ಅವಳ ಮುಂದೆ “ಹುಡುಗಿ ಫೋಟೋ ತೆಗಸಬೇಕಾಗೈತಿ” ಅಂದೆ. ಯಾತಕ್ಕೆ ಅಂತ ಹೇಳಲಿಲ್ಲ.

ನಮ್ಮ ಸಾಲಿನಲ್ಲಿ ಹುಡುಗಿಯ ಫೋಟೋ ತೆಗೆಸುವುದು ಒಂದೇ ಕೆಲಸಕ್ಕೆ. ಗಳಿಗೆಯೊಳಗೆ ಐದು ಹೆಂಗಸರು ಬಂದರು. ಒಬ್ಬಳು ಜರಿ ಸೀರೆ ತಂದಳು, ಒಬ್ಬಳು ಮಲ್ಲಿಗೆ ತಂದಳು. ಅಕ್ಕ ತನ್ನ ಕೊರಳಿನ ಬೋರಮಾಳ ಸರ ಬಿಚ್ಚಿ ಇವಳಿಗೆ ಹಾಕಿದಳು.

“ಇದು ಅದಕ್ಕಲ್ರಿ” ಅಂದಳು ಮಗಳು.

“ನಾಚ್ಕೋತಾಳ ನೋಡ್ರೇ” ಅಂದರು ಅವರು.

ಅರ್ಜಿಯ ಕಡೇ ದಿನ ಮರುದಿನವೇ ಇತ್ತು. ಇನ್ನೊಂದು ಫೋಟೋ ತೆಗೆಸಲು ಹೊತ್ತಿಲ್ಲ. ಫೋಟೋದ ಮೇಲೆ ದೊಡ್ಡ ನೌಕರಿಯವರೊಬ್ಬರ ಸಹಿ ಬೇಕಿತ್ತು; ಆ ಜರಿ ಸೀರೆಯ ಫೋಟೋವನ್ನೇ ಹಿಡಿದು ನಾರಾಯಣಗೂಡದ ಕಾಲೇಜಿನ ಸಾಹೇಬರ ಹತ್ತಿರ ಹೋದೆವು. ಅವರು ಧಾರವಾಡ ಕಡೆಯ ಹಿರಿಯರು. ಫೋಟೋ ನೋಡಿದರು. ಚಷ್ಮಾ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು.

“ಇದು ಪೊಲೀಸ್ ನೌಕರಿಗೇನು?”

“ಹೌದ್ರಿ.”

ಸಹಿ ಮಾಡುತ್ತ ಅಂದರು: “ಈ ಪೊಲೀಸನ್ನ ಕಂಡ್ರ ಕಳ್ಳ ಓಡಿಹೋಗೂದಿಲ್ಲೋ ಮಾರಾಯ. ಅವ್ವ ಅಪ್ಪನ್ನ ಕರಕೊಂಡು ಬರ್ತಾನ.”

ಗುಂಡು

ಕಬ್ಬಿಣದ ಗುಂಡು ಎಸೆಯುವ ಪರೀಕ್ಷೆಯೂ ಇತ್ತು. ನಾಲ್ಕು ಕಿಲೋದ್ದು. ನಮ್ಮ ಹತ್ತಿರ ಗುಂಡು ಎಲ್ಲಿಂದ ಬರಬೇಕು? ಸೈಟಿನಲ್ಲಿ ಕಲ್ಲಿಗೆ ಬರವಿಲ್ಲ. ಒಂದು ದುಂಡನೆಯ ಕಲ್ಲು ಆರಿಸಿ ಉಳ್ಳಾಗಡ್ಡಿ ಅಕ್ಕನ ತಕ್ಕಡಿಗೆ ಹಾಕಿದೆ. ಸರಿಯಾಗಿ ನಾಲ್ಕು ಕಿಲೋ ತೂಗಿತು.

ಅಕ್ಕ ತಕ್ಕಡಿ ಇಳಿಸಲಿಲ್ಲ. ಕೆಳಗೆ ಬಗ್ಗಿ, ಮುಷ್ಟಿಯಷ್ಟು ದೊಡ್ಡ ಇನ್ನೊಂದು ಕಲ್ಲು ಎತ್ತಿ ಅದರ ಮೇಲೆ ಇಟ್ಟಳು.

“ಅದ್ಯಾಕವ್ವಾ?” ಅಂದೆ.

“ಕೊಸರು” ಅಂದಳು. “ನನ್ನ ತಕ್ಕಡಿಯಿಂದ ಕೊಸರಿಲ್ದ ಯಾರೂ ಹೋಗಿಲ್ಲ.”

ಅವಳ ಮನಸ್ಸು ಯಾಕೆ ಮುರಿಯಬೇಕು ಅಂತ ಮಗಳು ಎರಡನ್ನೂ ಗೋಣಿಚೀಲದ ತುಂಡಿನಲ್ಲಿ ಕಟ್ಟಿ ಎರಡು ತಿಂಗಳು ಎಸೆದಳು. ಪರೀಕ್ಷೆಯ ದಿನ ಬಂದು ಅಂದಳು, “ಅಪ್ಪಾ, ಸರ್ಕಾರದ ಗುಂಡು ಭಾಳ ಹಗೂರ ಇತ್ತು. ಅವರು ಕೊಸರು ಹಾಕಂಗಿಲ್ಲ.”

ಓಟ

ಓಡುವುದೂ ಇತ್ತು. ಗಾಜಿನ ಆಫೀಸುಗಳ ಮುಂದೆ ಹೊಸ ರಸ್ತೆ ಆಗಿತ್ತು. ಮುಂಜಾನೆ ಅಲ್ಲಿ ಗಾಡಿ ಕಡಿಮೆ, ನಾಯಿ ಜಾಸ್ತಿ. ಅದಕ್ಕೆ ನಾನು ವಾಚ್‌ಮನ್ ಬಡಿಗೆ ಹಿಡಿದು ಮಗಳ ಹಿಂದೆ ಓಡುತ್ತಿದ್ದೆ. “ಜೋರು ಓಡು, ಹಿಂದ ನೋಡಬ್ಯಾಡ!” ಅಂತ ಕೂಗುತ್ತಿದ್ದೆ.

ಒಂದು ದಿನ ನಾಲ್ಕು ಮಂದಿ ಸಾಫ್ಟ್‌ವೇರ್ ಹುಡುಗರು ಅಲ್ಲಿಗೆ ಓಡಲು ಬಂದಿದ್ದರು. ಅವರು ಕಂಡದ್ದಿಷ್ಟು: ಮುಂದೆ ಒಂದು ಹುಡುಗಿ ಜೀವ ಬಿಟ್ಟು ಓಡುತ್ತಾಳೆ, ಹಿಂದೆ ಲುಂಗಿ ಕಟ್ಟಿದ ಗಂಡಸು ಬಡಿಗೆ ಎತ್ತಿಕೊಂಡು ಕೂಗುತ್ತ ಬರುತ್ತಾನೆ. ನಾಲ್ಕೂ ಮಂದಿ ನನ್ನ ಮೇಲೆ ಬಿದ್ದರು. ಒಬ್ಬ ಬಡಿಗೆ ಕಸಿದ. ಒಬ್ಬ ಕನ್ನಡದವನೇ. ಹಿಂದಿಯಲ್ಲಿ ಬೈದು ಸಾಲದೆ ಕನ್ನಡದಲ್ಲೂ ಬೈದ.

ಮಗಳು ಅಂತ ಹೇಳಬೇಕು. ಉಸಿರಿಲ್ಲ. ಕೈ ಮಾಡಿ ಅವಳನ್ನು ತೋರಿಸಿದೆ. “ನೋಡು, ಇನ್ನೂ ಆಕೀನ್ನೇ ತೋರಸ್ತಾನ!” ಅಂತ ಇನ್ನಷ್ಟು ಬಿಗಿಯಾಗಿ ಹಿಡಿದರು.

ಮಗಳು ಹೇಳಿದ ಮಾತು ಕೇಳುವವಳು. ಹಿಂದೆ ನೋಡಲಿಲ್ಲ. ರಸ್ತೆ ಮುಗಿಯುವವರೆಗೂ ಓಡಿ, ತಿರುಗಿ ಓಡಿ ಬಂದು, “ನಮ್ಮಪ್ಪ ರೀ ಅವರು! ಪೊಲೀಸ್ ಅರ್ಜಿ ಹಾಕೀನಿ, ಅದಕ್ಕ ಓಡಸಾಕತ್ತಾರ!” ಅಂದಳು. ಹುಡುಗರು ಬಿಟ್ಟರು. ಲುಂಗಿಯ ಧೂಳು ಕೊಡವಿದರು. ಕನ್ನಡದ ಹುಡುಗ ಕೈಮುಗಿದು ಅಂದ, “ಕಾಕಾ, ನಿಮ್ಮನ್ನ ಹಿಡೀಬೇಕಾದ್ರ ನಮ್ಮ ನಾಕೂ ಮಂದಿ ಜೀವ ಹೋತು. ಅರ್ಜಿ ನೀವೂ ಒಂದು ಹಾಕ್ರಿ.”

ಮನೆಗೆ ಬಂದು ಹೆಂಡತಿಯ ಫೋಟೋದ ಮುಂದೆ ನಿಂತೆ. ಇದನ್ನು ಅವಳಿಗೆ ಹೇಳಬೇಕಿತ್ತು. ಕೇಳಿದ್ದರೆ ಎರಡು ದಿನ ನಗುತ್ತಿದ್ದಳು.

ಎಂಕ್ವೈರಿ

ಮಗಳು ಎಲ್ಲ ಪರೀಕ್ಷೆ ಪಾಸಾದಳು. ಇನ್ನು ಆರ್ಡರ್ ಬರುವುದೊಂದೇ ಬಾಕಿ. ಟಪಾಲಿನವನ ದಾರಿ ನೋಡುತ್ತ ಕುಳಿತೆ.

ನಮ್ಮ ಸಾಲಿಗೆ ಒಂದು ಕಾಯಿದೆ ಇದೆ. ಸೈಟಿನಲ್ಲಿ ಕಬ್ಬಿಣ ಕಳುವಾದರೆ ಪೊಲೀಸರು ಮೊದಲು ಬರುವುದು ನಮ್ಮಲ್ಲಿಗೆ. ಅದಕ್ಕೆ, ಅವರು ಯಾರ ಹೆಸರು ಹಿಡಿದು ಕೇಳಿದರೂ ಆ ಮನುಷ್ಯ ಇಲ್ಲಿ ಇಲ್ಲ. ಎದುರಿಗೆ ನಿಂತಿದ್ದರೂ ಇಲ್ಲ. ಇದರಲ್ಲಿ ಯಾರೂ ತಪ್ಪಿದವರಿಲ್ಲ.

ಆವತ್ತು ಮಧ್ಯಾಹ್ನ ಕೊಡ ತುಂಬಿಕೊಂಡು ಬರುತ್ತಿದ್ದೆ. ಶೆಡ್ಡುಗಳ ಮುಂದೆ ಒಬ್ಬ ಪೊಲೀಸ್ ನಿಂತಿದ್ದ. ಕೈಯಲ್ಲಿ ಕಾಗದ. ನಾರಾಯಣಪೇಟೆ ಕಡೆಯವನಂತೆ, ಕನ್ನಡ ಬರುತ್ತಿತ್ತು. ಸುತ್ತ ನಮ್ಮ ಮಂದಿ ನಿಂತು ತಲೆ ಅಲ್ಲಾಡಿಸುತ್ತಿದ್ದರು. ಉಳ್ಳಾಗಡ್ಡಿ ಅಕ್ಕ ನನ್ನ ಕಡೆ ನೋಡಿ ಕಣ್ಣು ಹೊಡೆದಳು. ನನಗೆ ತಿಳಿಯಿತು.

ಅವನು ಮಗಳ ಹೆಸರು ಓದಿದ. “ಗೊತ್ತೇನು?”

“ಇಲ್ರಿ ಸಾಹೇಬ್ರ.”

ನನ್ನ ಹೆಸರು ಓದಿದ. “ಆಕಿ ಅಪ್ಪ?”

“ಆ ಮನಶಾ ಊರಿಗೆ ಹೋಗಿ ಭಾಳ ದಿನಾ ಆತ್ರಿ.”

“ಎಂಥ ಮನಶಾ?”

“ಬಡವ ರಿ. ಮಾತು ಕಡಿಮಿ.”

“ಹೆಂಡ್ತಿ?”

ಎಲ್ಲದಕ್ಕೂ ಸುಳ್ಳು ಸಲೀಸಾಗಿ ಬಂದಿತ್ತು. ಇದಕ್ಕೆ ಬರಲಿಲ್ಲ. “ತೀರಿಕೊಂಡ್ಲು ರಿ. ಭಾಳ ಛಲೋ ಹೆಣ್ಮಗಳು” ಅಂದೆ. ಕೊಡದ ನೀರು ತುಳುಕಿತು.

ಅವನು ನನ್ನನ್ನೇ ನೋಡಿದ. “ನಿನಗ ಏನಾಗಬೇಕು ಅವರು?”

“ಏನೂ ಇಲ್ರಿ. ನಾ ವಾಚ್‌ಮನ್.”

ಬರೆದುಕೊಂಡು ಗಾಡಿ ಹತ್ತಿ ಹೋದ.

ಸಂಜೆ ಮಗಳು ಬಂದಳು. “ಯಾರಾದ್ರೂ ಬಂದಿದ್ರೇನು ಅಪ್ಪಾ?”

“ಒಬ್ಬ ಪೊಲೀಸ್ ನಿನ್ನ ಹುಡಿಕ್ಕೊಂಡು ಬಂದಿದ್ದ. ನೀ ಏನೂ ಹೆದರಬ್ಯಾಡ, ಇಂಥಾಕಿ ಇಲ್ಲಿ ಇಲ್ಲೇ ಇಲ್ಲ ಅಂತ ಹೇಳಿ ಕಳಿಸೀನಿ” ಅಂದೆ. ಹೆಮ್ಮೆಯಿಂದಲೇ ಅಂದೆ.

ಮಗಳು ಹೊಸ್ತಿಲ ಮೇಲೆ ಕುಸಿದು ಕುಳಿತಳು. “ಅಪ್ಪಾ, ಅವ ನನ್ನ ಹಿಡಿಯಾಕ ಬಂದಿರ್ಲಿಲ್ಲ. ನಾ ಇಲ್ಲೇ ಇರ್ತೀನೋ ಇಲ್ಲೋ, ಛಲೋ ಹುಡುಗಿ ಹೌದೋ ಅಲ್ಲೋ ಕೇಳಾಕ ಬಂದಿದ್ದ. ನೌಕರಿ ಕೊಡೂ ಮುಂದ ಕೇಳ್ತಾರ.”

ಅವಳು ಬೈಯಲಿಲ್ಲ. ಉಣ್ಣಲೂ ಇಲ್ಲ. ನಡುವೆ ಬಾಯಿ ಹಾಕಬ್ಯಾಡ್ರಿ ಅಂತ ಒಬ್ಬಳು ಹೇಳಿ ಹೋಗಿದ್ದಳು.

ಮರುದಿನ ಮುಂಜಾನೆ ಗಡ್ಡ ಕೆರೆದು, ಮದುವೆಗೆ ಹಾಕುವ ಬಿಳಿ ಅಂಗಿ ತೊಟ್ಟು, ರೇಷನ್ ಕಾರ್ಡ್ ಹಿಡಿದು ಪೊಲೀಸ್ ಸ್ಟೇಷನ್ನಿಗೆ ಹೋದೆ. ನಾನಾಗಿಯೇ ಹೋದದ್ದು ಅದೇ ಮೊದಲು. ಅದೇ ಪೊಲೀಸ್ ಮೇಜಿನ ಹಿಂದೆ ಕುಳಿತಿದ್ದ. ಹೆಸರು ಹೇಳಿ, ಕಾರ್ಡ್ ಮುಂದಿಟ್ಟೆ.

ಕಾರ್ಡ್ ನೋಡಿದ. ನನ್ನನ್ನು ನೋಡಿದ. “ಊರಿಗೆ ಹೋದಾವ ಯಾವಾಗ ಬಂದಿ?”

“ಈಗ ಬಂದೀನ್ರಿ.”

ತುಟಿ ಕಚ್ಚಿಕೊಂಡ. ಹಳೇ ಕಾಗದ ತೆಗೆದು ಪೆನ್ನು ಹಿಡಿದ. “ಹೇಳು. ಹುಡುಗಿ ಎಂಥಾಕಿ?”

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಯಿತು. “ಅವರವ್ವನಂಥಾಕಿ ರಿ” ಅಂದೆ.

“ಅವರವ್ವನ್ನ ಬಲ್ಲವರು ಯಾರದಾರ?” ಅಂದ ಅವನು, ನನ್ನ ಬೆನ್ನ ಹಿಂದೆ ಬಾಗಿಲ ಕಡೆ ನೋಡುತ್ತ.

ತಿರುಗಿ ನೋಡಿದೆ. ಉಳ್ಳಾಗಡ್ಡಿ ಅಕ್ಕ ಮುಂದೆ, ನಮ್ಮ ಸಾಲಿಗೆ ಸಾಲೇ ಹಿಂದೆ. ಯಾವಾಗ ಬಂದು ನಿಂತಿದ್ದರೋ. ನಿನ್ನೆ ನಮ್ಮನ್ನು ಕಂಡೇ ಇಲ್ಲ ಅಂದ ಹನ್ನೊಂದು ಮಂದಿ ಒಮ್ಮೆಲೇ ಕೈ ಎತ್ತಿದರು.